ಯೆಡ್ಡಿಂಗಿನ ಹಳೇ ಬೆಣ್ಣೆ ಡೈರಿ: ಸಾವಿರದಲ್ಲಿ ಈ ಒಂದು ಕಟ್ಟಡವನ್ನೇ ಯಾಕೆ ಉಳಿಸಿಕೊಂಡರು?

ಗಾಳಿಗೋಪುರ:
ಎಲ್ಲರಿಗೂ ನಮಸ್ಕಾರ. ಡೆನ್ಮಾರ್ಕಿಗೆ ಬಂದು ಇದು ನಾಲ್ಕನೇ ವರ್ಷ. ಕೆಲಸ ಗಾಳಿಯಂತ್ರದ್ದು, ಊರು ಮದ್ದೂರಿನ ಹತ್ತಿರ. ನಮ್ಮಮ್ಮ ಇವತ್ತಿಗೂ ಬೆಳಗ್ಗೆ ಆರಕ್ಕೆ ಊರಿನ ಡೈರಿಗೆ ಹಾಲು ಹಾಕಿ ಬರ್ತಾಳೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಹೋದ ಶನಿವಾರ ನಾನು ಹೋಗಿದ್ದು ಒಂದು ಡೈರಿ ನೋಡೋಕೆ.

ಎಸ್ಬೆರ್ಗ್ ಬಂದರಿನ ಊರಿಂದ ಉತ್ತರಕ್ಕೆ ಹೋಗೋ ರೈಲು ಹತ್ತಿ ಓಲ್ಗೋಡ್ ಅನ್ನೋ ಸಣ್ಣ ಪಟ್ಟಣದಲ್ಲಿ ಇಳಿದೆ. (ಇಲ್ಲಿನ ಭಾಷೇಲಿ 'ಓಲ್' ಅಂದ್ರೆ ಬಿಯರು, 'ಗೋಡ್' ಅಂದ್ರೆ ಒಳ್ಳೇದು. ಊರಿಗೆ ಆ ಹೆಸರು ಬಂದಿದ್ದು ಅದರಿಂದ ಅಲ್ಲವಂತೆ. ಆದ್ರೂ ಆಫೀಸಲ್ಲಿ ಹೇಳಿದ್ರೆ ನಗ್ತಾರೆ.) ಅಲ್ಲಿಂದ ಸೈಕಲ್ಲಲ್ಲಿ ಯೆಡ್ಡಿಂಗ್ ಅನ್ನೋ ಹಳ್ಳಿ. ಬರೆಯುವಾಗ ಹೆಸರಿನ ಮುಂದೆ ಒಂದು 'ಹ' ಇಡ್ತಾರೆ, ಉಚ್ಚರಿಸೋದು ಯಾರೂ ಇಲ್ಲ. ಸಪಾಟು ನೆಲ, ಎದುರುಗಾಳಿ. ಮುಖಕ್ಕೆ ಹೊಡೆಯೋ ಆ ಗಾಳೀನೇ ನನ್ನ ಸಂಬಳ ಕೊಡೋದು ಅಂತ ಸಮಾಧಾನ ಮಾಡ್ಕೊಂಡು ಪೆಡಲ್ ತುಳಿದೆ.

1882ರ ಜೂನ್ 10ನೇ ತಾರೀಕು ಡೆನ್ಮಾರ್ಕಿನ ಮೊದಲ ಸಹಕಾರಿ ಡೈರಿ ಶುರುವಾಗಿದ್ದು ಇಲ್ಲಿ. ನಡೆಸಿದವನು ಸ್ಟಿಲ್ಲಿಂಗ್ ಆಂಡರ್ಸನ್ ಅನ್ನೋ ತರುಣ. ಈಗ ಅದನ್ನ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ನಾನು ತಲುಪೋ ಹೊತ್ತಿಗೆ ಬಾಗಿಲು ಹಾಕಿತ್ತು, ಹೊತ್ತು ಗೊತ್ತು ನೋಡದೆ ಹೊರಟಿದ್ದು ನನ್ನದೇ ತಪ್ಪು. ಹೊರಗಡೆಯಿಂದಲೇ ಒಂದು ಸುತ್ತು ಹಾಕಿದೆ. ದೇಶದ ಚರಿತ್ರೆ ತಿರುಗಿದ ಜಾಗ ಅಂತ ಇಲ್ಲಿ ಶಾಲೆ ಮಕ್ಕಳಿಗೆ ಹೇಳಿಕೊಡ್ತಾರೆ. ನೋಡಿದ್ರೆ ಅದೊಂದು ಪುಟ್ಟ ಕಟ್ಟಡ, ಅಷ್ಟೇ. ನಮ್ಮೂರ ಡೈರಿ ಕಟ್ಟಡದ ಮುಂದೆ ನಿಂತು ಯಾರೂ ಫೋಟೋ ತೆಗೆಯಲ್ಲ. ಇದರಲ್ಲೇನಿದೆ ಅಂಥಾದ್ದು?

ಸುಮ್ನೆ ಕೇಳ್ದೆ:
ಗುರು, ಬಾಗಿಲು ಹಾಕಿದ ಕಟ್ಟಡ ನೋಡೋಕೆ ರೈಲು, ಸೈಕಲ್ಲು ಎಲ್ಲಾ ಆಯ್ತು ಅನ್ನು 😄 ಇನ್ನೊಂದು ವಿಷಯ. ಮೊದಲನೇದು ಇದೇನಾ? ಫ್ಯೂನ್ ದ್ವೀಪದ ಕಾಸ್ಲುಂಡೆಯಲ್ಲಿ 1875ರಲ್ಲೇ ಸಾಮೂಹಿಕ ಡೈರಿ ಇತ್ತು ಅಂತ ಓದಿದ ನೆನಪು. ಏಳು ವರ್ಷ ಮುಂಚೆ.

ಲೆಕ್ಕದ ಪುಸ್ತಕ:
ಕಾಸ್ಲುಂಡೆ ಮೊದಲು ಅನ್ನೋದು ಸರಿ. ಅಲ್ಲಿ 'ಸಾಮೂಹಿಕ' ಅಂದ್ರೆ ನಾಲ್ಕಾರು ಕೊಟ್ಟಿಗೆಯ ಹಾಲು ಒಂದು ಕಡೆ ತಂದು ಬೆಣ್ಣೆ ತೆಗೆಯೋದು. ಆ ಕಾಲದಲ್ಲಿ ಅಂಥವು ಬೇರೆಯೂ ಹುಟ್ಟಿಕೊಂಡಿದ್ದವು. ಹೆಚ್ಚಿನ ಕಡೆ ಯಾರೋ ಒಬ್ಬ ಬಂಡವಾಳದಾರ ಹಾಲು ಕೊಳ್ಳೋನು, ಲಾಭ ನಷ್ಟ ಅವನದು. ಯೆಡ್ಡಿಂಗಿನವರು ಮಾಡಿದ್ದು ಒಂದು ಹಾಳೆ ಕಾಗದದ ಕೆಲಸ. ನಾನು ಹಾಲು ಉತ್ಪಾದಕರ ಸಂಘದಲ್ಲಿ ಇಪ್ಪತ್ತಾರು ವರ್ಷ ಸೆಕ್ರೆಟರಿ ಆಗಿದ್ದವನು, ಆ ಕಾಗದದ ಬೆಲೆ ನನಗೆ ಗೊತ್ತು.

ಅದರಲ್ಲಿ ಇದ್ದದ್ದು ಇಷ್ಟು. ಸದಸ್ಯ ಆದ ಮೇಲೆ ಮನೆಗೆ ಬೇಕಾದಷ್ಟು ಇಟ್ಕೊಂಡು ಉಳಿದ ಹಾಲು ಪೂರ್ತಿ ಡೈರಿಗೇ ಹಾಕಬೇಕು. ಸಾಲ ತಂದದ್ದಕ್ಕೆ ಎಲ್ಲರೂ ಸೇರಿ ಹೊಣೆ. ಬಂದ ಲಾಭವನ್ನ ಯಾರು ಎಷ್ಟು ಹಾಲು ಹಾಕಿದ್ರೋ ಅದರ ಲೆಕ್ಕದಲ್ಲಿ ಹಂಚಬೇಕು, ಎಷ್ಟು ದುಡ್ಡು ಹೂಡಿದ್ರು ಅನ್ನೋದರ ಮೇಲೆ ಅಲ್ಲ. ಸಭೇಲಿ ಒಬ್ಬರಿಗೆ ಒಂದೇ ಮತ.

ಮೊದಲನೇ ನಿಯಮ ಓದಿ ನಾನು ಒಂದು ಗಳಿಗೆ ಸುಮ್ಮನೆ ಕೂತೆ. ನಮ್ಮ ಸಂಘ ಮುಗ್ಗರಿಸಿದ್ದೇ ಅಲ್ಲಿ. ಹಬ್ಬದ ತಿಂಗಳು ಬಂತು ಅಂದ್ರೆ ಹೋಟೆಲಿನವರು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡೋರು. ಒಳ್ಳೇ ಹಾಲು ಅತ್ತ ಹೋಗೋದು, ಲ್ಯಾಕ್ಟೋಮೀಟರ್ ಮುಖ ಗಂಟಿಕ್ಕೋ ಹಾಲು ನಮ್ಮ ಕ್ಯಾನಿಗೆ ಬರೋದು. ಹಬ್ಬ ಮುಗಿದ ಮೇಲೆ ಎಲ್ಲರೂ ವಾಪಸ್ಸು, ಬಟವಾಡೆ ದಿನ ಸಾಲಿನಲ್ಲಿ ಮೊದಲು ಅವರೇ. ಕಟ್ಟಿಹಾಕೋ ನಿಯಮ ಪುಸ್ತಕದಲ್ಲಿ ಇತ್ತು. ಪಕ್ಕದ ಮನೆಯವನ ಮೇಲೆ ಅದನ್ನ ಹೇರೋ ಧೈರ್ಯ ನನಗಿರಲಿಲ್ಲ.

ಗಾಳಿಗೋಪುರ:
ಸರ್, ಒಬ್ಬರಿಗೆ ಒಂದು ಮತ ಅನ್ನೋದಕ್ಕೆ ಇಲ್ಲಿ ಒಂದು ಮಾತಿದೆ. ಡ್ಯಾನಿಶ್‌ನಲ್ಲಿ ತಲೆಗಳು ಅನ್ನೋದಕ್ಕೂ ದನಗಳು ಅನ್ನೋದಕ್ಕೂ ಒಂದೇ ಒಂದು ಸ್ವರದ ವ್ಯತ್ಯಾಸ. "ಮತ ತಲೆ ಲೆಕ್ಕದಲ್ಲಿ, ದನದ ಲೆಕ್ಕದಲ್ಲಲ್ಲ" ಅಂತ ಪ್ರಾಸ ಕಟ್ಟಿ ಹೇಳ್ತಾರೆ. ಕನ್ನಡಕ್ಕೆ ತಂದ್ರೆ ಆ ಪ್ರಾಸ ಸತ್ತುಹೋಗುತ್ತೆ.

ನೀರುಮಜ್ಜಿಗೆ:
"ತಲೆ ಎಣಿಸಿ, ಕೊಂಬು ಎಣಿಸಬೇಡಿ."

ಗಾಳಿಗೋಪುರ:
ಆಹಾ! ಇದನ್ನ ನಾಳೆ ಕ್ಯಾಂಟೀನಲ್ಲಿ ಡ್ಯಾನಿಶ್‌ಗೆ ತಿರುಗಿಸಿ ಹೇಳ್ತೀನಿ, ಅಕ್ಕ.

ಕೊಟ್ಟಿಗೆ ಡಾಕ್ಟ್ರು:
ತಡವಾಗಿ ಬಂದೆ, ಕ್ಷಮಿಸಿ. ಪಶುವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾದವನು, ಬಿಡುವಿದೆ. ಉದ್ದ ಬರೆದರೆ ಬೈಯಬೇಡಿ.

ನಿಯಮದ ಮಾತು ಒಪ್ಪಿದೆ. ಆದರೆ ಅದೇ ನಿಯಮವನ್ನು 1862ರಲ್ಲಿ ಬರೆದಿದ್ದರೆ ಏನೂ ಆಗುತ್ತಿರಲಿಲ್ಲ. ಕಾರಣ ಹೇಳುತ್ತೇನೆ. ಬೆಣ್ಣೆಗೆ ಮೊದಲು ಕೆನೆ ಬೇಕು. ಹಳೇ ಪದ್ಧತಿಯಲ್ಲಿ ಹಾಲನ್ನು ಅಗಲ ಬಾನಿಗಳಲ್ಲಿ ಹುಯ್ದು, ತಣ್ಣೀರು ಇಲ್ಲವೇ ಮಂಜುಗಡ್ಡೆಯ ನಡುವೆ ಇಟ್ಟು, ಕೆನೆ ತಾನಾಗಿ ಮೇಲೆ ಬರುವ ತನಕ ಕಾಯಬೇಕಿತ್ತು. ಗಂಟೆಗಟ್ಟಲೆ. ಹಾಲನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಮೂರು ಮೈಲಿ ತಂದರೆ ಕೆನೆ ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಯಾರ ಹಾಲು ಅವರ ಮನೆಯಲ್ಲೇ. ನೂರು ಹಸುವಿನ ಜಮೀನ್ದಾರರ ಮನೆಯಲ್ಲಿ ತಣ್ಣನೆಯ ಹಾಲಿನ ಕೋಣೆ, ಕಲಿತ ಆಳುಕಾಳು. ಐದು ಹಸುವಿನ ರೈತನ ಮನೆಯಲ್ಲಿ ಅಡುಗೆಮನೆಯ ಮೂಲೆ. ಬೆಣ್ಣೆಯೂ ಹಾಗೇ. ಜಮೀನ್ದಾರರ ಬೆಣ್ಣೆಗೆ ಒಂದು ದರ, ರೈತರ ಬೆಣ್ಣೆಗೆ ಅದಕ್ಕಿಂತ ತೀರ ಕಡಿಮೆ.

1878ರಲ್ಲಿ ಎರಡು ಕಡೆ, ಸ್ವೀಡನ್ನಿನಲ್ಲಿ ದೆ ಲಾವಾಲ್, ಡೆನ್ಮಾರ್ಕಿನಲ್ಲಿ ಎಲ್. ಸಿ. ನೀಲ್ಸನ್, ಹೆಚ್ಚುಕಡಿಮೆ ಒಟ್ಟೊಟ್ಟಿಗೆ ನಿಲ್ಲಿಸದೆ ಓಡುವ ಸೆಪರೇಟರ್ ಮಾಡಿದರು. ಒಂದು ಕಡೆ ಹಾಲು ಸುರಿಯುತ್ತಲೇ ಇರಿ, ಇನ್ನೊಂದು ಕಡೆ ಕೆನೆ ಬೇರೆ, ಕೆನೆ ತೆಗೆದ ಹಾಲು ಬೇರೆಯಾಗಿ ಬರುತ್ತಲೇ ಇರುತ್ತದೆ. ಕುಲುಕಿದ ಹಾಲಾದರೇನು, ಹತ್ತು ಮನೆ ಬೆರೆತ ಹಾಲಾದರೇನು, ಯಂತ್ರಕ್ಕೆ ಎಲ್ಲ ಒಂದೇ. ಆ ಯಂತ್ರ ಕೊಳ್ಳುವ ಶಕ್ತಿ ಒಬ್ಬ ಸಣ್ಣ ರೈತನಿಗಿಲ್ಲ, ಐವತ್ತು ಜನಕ್ಕಿದೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಯೆಡ್ಡಿಂಗ್. ಐದು ಹಸುವಿನವನ ಬೆಣ್ಣೆ ಜಮೀನ್ದಾರರ ಬೆಣ್ಣೆಯ ಪಕ್ಕ ಕೂತಿತು, ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆ ಹಾಕಿತು.

ಲೆಕ್ಕದ ಪುಸ್ತಕ:
ಡಾಕ್ಟ್ರೇ, ಯಂತ್ರ ಜಮೀನ್ದಾರರಿಗೂ ಸಿಗ್ತಿತ್ತಲ್ಲ? ಸ್ವೀಡನ್ನಿನವರಿಗೂ ಸಿಗ್ತಿತ್ತು, ಬೇರೆ ದೇಶದವರಿಗೂ ಸಿಗ್ತಿತ್ತು. ಇವರ ಕೈಗೇ ಯಾಕೆ ಹತ್ತಿತು?

ಕೊಟ್ಟಿಗೆ ಡಾಕ್ಟ್ರು:
ಒಪ್ಪಿದೆ, ಯಂತ್ರ ಒಂದೇ ಸಾಲದು. ಹೊಟ್ಟೆಗೆ ಪೆಟ್ಟು ಬಿದ್ದಿತ್ತು, ಅದೂ ಸೇರಿಸಿ. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯಾದ ಎದುರು ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಎಂಬ ದಕ್ಷಿಣದ ಸೀಮೆಗಳನ್ನು ಕಳೆದುಕೊಂಡರು. 1870ರ ದಶಕದಲ್ಲಿ ಅಮೆರಿಕ, ರಷ್ಯಾದ ಅಗ್ಗದ ಗೋಧಿ ಯುರೋಪಿಗೆ ನುಗ್ಗಿತು. ಧಾನ್ಯ ಬೆಳೆದು ಮಾರುತ್ತಿದ್ದ ಡೆನ್ಮಾರ್ಕಿನ ರೈತನಿಗೆ ಬೆಲೆ ಸಿಗಲಿಲ್ಲ. ಬೇರೆ ದೇಶಗಳು ಸುಂಕದ ಗೋಡೆ ಕಟ್ಟಿ ಕೂತವು. ಇವರು ಅಗ್ಗದ ಧಾನ್ಯವನ್ನು ದನಕ್ಕೂ ಹಂದಿಗೂ ತಿನ್ನಿಸಿ, ಬೆಣ್ಣೆ, ಮಾಂಸ ಮಾಡಿ ಇಂಗ್ಲೆಂಡಿಗೆ ಮಾರೋಣ ಎಂದುಕೊಂಡರು. ನಮ್ಮ ಗೆಳೆಯರು ರೈಲು ಹತ್ತಿದ ಎಸ್ಬೆರ್ಗ್ ಇದೆಯಲ್ಲ, 1868ರ ಮುಂಚೆ ಅಲ್ಲಿ ಊರೆನ್ನುವಂಥದ್ದೇನೂ ಇರಲಿಲ್ಲ. ಇಂಗ್ಲೆಂಡಿನ ಕಡೆ ಮುಖ ಮಾಡಿದ ಬಂದರು ಬೇಕೆಂದು ಕಟ್ಟಿದ ಊರು ಅದು. 1875ಕ್ಕೆ ಅದೇ ರೈಲು ದಾರಿ ಓಲ್ಗೋಡ್ ದಾಟಿ ಹೋಯಿತು. ಬೆಣ್ಣೆಯ ಪೀಪಾಯಿಗೆ ದಾರಿ ಸಿದ್ಧವಾಗಿತ್ತು, ಬೆಣ್ಣೆ ಬರಬೇಕಿತ್ತು.

ಧಾರವಾಡದಾಂವ:
ದೊಡ್ಡ ಮಾತು ಬಿಡ್ರೀ, ನನಗ ಒಂದು ತಿಳೀವಲ್ತು. ಓದ್ಲಿಕ್ಕೆ ಬರಿಲಿಕ್ಕೆ ಬರೂ ರೈತರು ಅಷ್ಟು ಮಂದಿ ಎಲ್ಲಿಂದ ಬಂದ್ರು? ಸಾಲಕ್ಕ ಎಲ್ಲಾರೂ ಜಾಮೀನು ಅಂದ್ರ ನಮ್ಮ ಕಡೆ ಅಣ್ಣತಮ್ಮಂದಿರೂ ಸಹಿ ಹಾಕಂಗಿಲ್ಲ.

ಗಾಳಿಗೋಪುರ:
ಅದಕ್ಕೆ ಇಲ್ಲಿನವರು ಕೊಡೋ ಉತ್ತರ ಜಾನಪದ ಪ್ರೌಢಶಾಲೆ. ಗ್ರುಂಡ್‌ವಿಗ್ ಅನ್ನೋ ಪಾದ್ರಿಯ ವಿಚಾರ. ಮೊದಲನೇ ಶಾಲೆ 1844ರಲ್ಲಿ ರೋಡಿಂಗ್ ಊರಲ್ಲಿ. ಪರೀಕ್ಷೆ ಇಲ್ಲ, ಪದವಿ ಇಲ್ಲ. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದಾಗ ರೈತರ ಮಕ್ಕಳು ಹೋಗಿ ಉಳ್ಕೊಂಡು ಚರಿತ್ರೆ ಕೇಳೋದು, ಹಾಡೋದು, ವಾದ ಮಾಡೋದು. ಸಭೆ ನಡೆಸೋದು ಹೇಗೆ, ಎದ್ದು ನಿಂತು "ನಂಗೆ ಒಪ್ಪಿಗೆ ಇಲ್ಲ" ಅನ್ನೋದು ಹೇಗೆ ಅಂತ ಅಲ್ಲಿ ಕಲಿತ್ರು. ಸಹಕಾರಿ ಅಂಗಡಿ ಡೈರಿಗಿಂತ ಮೊದಲೇ ಬಂದಿತ್ತು. 1866ರಲ್ಲಿ ಟಿಸ್ಟೆಡ್ ಊರಿನ ಪಾದ್ರಿ ಸೋನ್ನೆ, ಇಂಗ್ಲೆಂಡಿನ ರೋಚ್‌ಡೇಲ್ ಊರಿನ ಸಹಕಾರಿ ಅಂಗಡಿ ಮಾದರಿ ನೋಡಿ ಶುರು ಮಾಡಿದ್ದು. ಅಂದ್ರೆ ಡೈರಿ ಬರೋ ಹೊತ್ತಿಗೆ ಲೆಕ್ಕಪುಸ್ತಕ, ಸಭೆ ಎರಡೂ ಜನಕ್ಕೆ ಹೊಸದಾಗಿರಲಿಲ್ಲ.

ಧಾರವಾಡದಾಂವ:
ಹಂಗಾದ್ರ ನಮ್ಮ ಗದಗಿನ ಕಣಗಿನಹಾಳನ್ನೂ ನೆನಸ್ಕೋಬೇಕು. 1905ರಾಗ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ ಊರು. ಯೆಡ್ಡಿಂಗ್ ಆಗಿ ಇಪ್ಪತ್ಮೂರು ವರ್ಷಕ್ಕ. ಅಲ್ಲಿ ಪಾದ್ರಿ, ಇಲ್ಲಿ ಗೌಡ್ರು. ಮೊದಲ ಸಹಿ ಹಾಕಾಂವ ಒಬ್ಬ ಬೇಕು, ಅಷ್ಟ.

ಸುಮ್ನೆ ಕೇಳ್ದೆ:
ಎಲ್ಲಾ ಸರಿ, ನಿಜವಾಗ್ಲೂ ಅಷ್ಟು ಒಗ್ಗಟ್ಟಾಗಿದ್ರಾ? ನಂಬೋಕಾಗ್ತಿಲ್ಲ. ಎರಡು ಹಸು ಇರೋ ಊರಲ್ಲಿ ಮೂರು ಪಕ್ಷ ಇರುತ್ತೆ.

ಗಾಳಿಗೋಪುರ:
ಇಲ್ಲೂ ಇದ್ದವು 😀 ಕೇಳು. ಪಶ್ಚಿಮದ ಈ ಭಾಗದಲ್ಲಿ ಚರ್ಚಿನೊಳಗೇ ಎರಡು ಪಂಗಡ. ಒಂದು ಗ್ರುಂಡ್‌ವಿಗ್ ಕಡೆಯವರು, ಹಾಡು ಕುಣಿತ ಎಲ್ಲಾ ಇರಲಿ ಅನ್ನೋರು. ಇನ್ನೊಂದು 'ಒಳ ಮಿಶನ್' ಅಂತ, ಕಟ್ಟುನಿಟ್ಟು. ಭಾನುವಾರ ದೇವರ ದಿನ, ಡೈರಿ ಓಡಿಸಬಾರದು ಅಂದ್ರು. ಹಸುವಿಗೆ ಭಾನುವಾರ ಗೊತ್ತಾಗುತ್ತಾ ಅಂದ್ರು ಇವರು. ರಾಜಿ ಆಗಲಿಲ್ಲ. ಎಷ್ಟೋ ಕಡೆ ಮಿಶನ್ನಿನವರು ತಮ್ಮದೇ ಬೇರೆ ಡೈರಿ ಕಟ್ಟಿಕೊಂಡ್ರು, ಭಾನುವಾರ ರಜೆ ಮಾಡೋ ಡೈರಿ. ಒಂದೇ ಹಳ್ಳೀಲಿ ಎರಡು ಚಿಮಣಿ, ಎರಡು ಹಾಲಿನ ಗಾಡಿ, ಬೆಳಗ್ಗೆ ಒಂದೇ ರಸ್ತೇಲಿ ಎದುರುಬದುರು.

ಲೆಕ್ಕದ ಪುಸ್ತಕ:
ಈಗ ನನಗೆ ಡೆನ್ಮಾರ್ಕ್ ಹತ್ತಿರ ಅನ್ನಿಸ್ತಾ ಇದೆ.

ನೀರುಮಜ್ಜಿಗೆ:
ಇಲ್ಲೀವರೆಗೆ ಬರೀ ಗಂಡಸರ ಹೆಸರೇ ಬಂತು. ಸ್ಟಿಲ್ಲಿಂಗ್ ಆಂಡರ್ಸನ್, ನೀಲ್ಸನ್, ಗ್ರುಂಡ್‌ವಿಗ್, ಸೋನ್ನೆ. 1882ಕ್ಕಿಂತ ಹಿಂದೆ ಆ ದೇಶದಲ್ಲಿ ಬೆಣ್ಣೆ ತೆಗೀತಿದ್ದವರು ಯಾರು ಅಂತ ಯಾರೂ ಕೇಳಲಿಲ್ಲ.

ಹೆಂಗಸರು. ರೈತರ ಮನೇಲಿ ಹೆಂಡತಿ, ಮಗಳು. ಜಮೀನ್ದಾರರ ಮನೇಲಿ ಹಾಲಿನ ಕೋಣೆ ನೋಡಿಕೊಳ್ಳೋ ಹೆಂಗಸು. ಆಕೆಗೆ ಅಲ್ಲಿನವರ ಭಾಷೇಲಿ ಬೇರೆ ಹೆಸರೇ ಇತ್ತು, 'ಮೈಯರ್ಸ್ಕೆ'. ಯಾವ ಹಾಲು ಎಷ್ಟು ಹೊತ್ತಿಗೆ ಕಡೆಯೋಕೆ ಹದ, ಬೆಣ್ಣೆಗೆ ಉಪ್ಪು ಎಷ್ಟು, ಎಲ್ಲಾ ಅವಳ ಬೆರಳ ತುದೀಲಿ. ಜಮೀನ್ದಾರರ ಬೆಣ್ಣೆಗೆ ಲಂಡನ್ನಿನಲ್ಲಿ ಹೆಸರು ತಂದುಕೊಟ್ಟದ್ದು ಆ ಕೈ. ನಿಮಗೆಲ್ಲ ಗೊತ್ತಿರೋ ಹವಾರ್ಟಿ ಚೀಸ್ ಕೂಡ ಒಬ್ಬ ಹೆಂಗಸಿನದೇ. ಕೋಪನ್‌ಹೇಗನ್ನಿನ ಉತ್ತರಕ್ಕೆ ಹವಾರ್ತಿ ಅನ್ನೋ ತೋಟದ ಮನೆಯ ಹನ್ನೆ ನೀಲ್ಸನ್, ಯುರೋಪ್ ಸುತ್ತಿ ಚೀಸ್ ಕಲಿತು ಬಂದು ತನ್ನ ಹಾಲಿನ ಮನೇಲಿ ಪ್ರಯೋಗ ಮಾಡಿದವಳು. ತೋಟದ ಹೆಸರು ಚೀಸಿಗೆ ಬಂತು, ಅವಳ ಹೆಸರು ಬರಲಿಲ್ಲ.

ಆಮೇಲೆ ಸೆಪರೇಟರ್ ಬಂತು, ಉಗಿಯಂತ್ರ ಬಂತು, ಸಂಬಳ ಬಂತು. ಅದರ ಹಿಂದೆಯೇ ಗಂಡಸರು ಬಂದ್ರು. ಕಡಗೋಲು ಮನೇಲಿದ್ದಷ್ಟು ದಿನ ಅದು ಹೆಂಗಸರ ಕೆಲಸ, ಬೆಲ್ಟಿಗೆ ಸಿಕ್ಕಿಸಿದ ತಕ್ಷಣ ಗಂಡಸರ ಕಸುಬು. ಮನೆಯ ಬೆಣ್ಣೆ ದುಡ್ಡು ಹೆಂಗಸರ ಸೆರಗಿನ ಗಂಟಲ್ಲಿ ಇರೋದು. ಡೈರಿ ದುಡ್ಡು ಯಾರ ಹೆಸರಿಗೆ ಬಟವಾಡೆ ಆಗ್ತಿತ್ತು, ಸೆಕ್ರೆಟರಿಗಳೇ ಹೇಳಲಿ.

ಲೆಕ್ಕದ ಪುಸ್ತಕ:
ತಾಯಿ, ಡೆನ್ಮಾರ್ಕಿನ ಲೆಡ್ಜರ್ ನಾನು ನೋಡಿಲ್ಲ. ನಮ್ಮ ಲೆಡ್ಜರ್ ಹೇಳ್ತೀನಿ: ಹಾಲು ತರೋರು ಹೆಂಗಸರು, ಸದಸ್ಯತ್ವ ಗಂಡಂದಿರ ಹೆಸರಲ್ಲಿ. ಮಹಿಳಾ ಸಂಘಗಳು ಬಂದ ಮೇಲೆ ಸ್ವಲ್ಪ ಬದಲಾಯಿತು. ಮೊದಲಿನ ಇಪ್ಪತ್ತು ವರ್ಷಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗಾಳಿಗೋಪುರ:
ಅಕ್ಕ, ಕಟ್ಟಡದ ಸುತ್ತ ಮೂರು ಸಲ ತಿರುಗಿದ್ರೂ ಈ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ನಮ್ಮಮ್ಮನ ಪಾಸ್‌ಬುಕ್ ಯಾರ ಹೆಸರಲ್ಲಿದೆ ಅಂತ ಈಗ ಕೇಳಬೇಕು.

ಕೊಟ್ಟಿಗೆ ಡಾಕ್ಟ್ರು:
ಇನ್ನೊಂದು ವಿಷಯ, ನನ್ನ ಕಸುಬಿಗೆ ಸಂಬಂಧಿಸಿದ್ದು. ಸಹಕಾರದ ಕಥೆ ಹೇಳುವವರು ಇದನ್ನು ಬಿಟ್ಟುಬಿಡುತ್ತಾರೆ.

ಬೆಳಗ್ಗೆ ಗಾಡಿಯವನು ಮನೆಮನೆಯಿಂದ ಹಾಲಿನ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದ. ಕೆನೆ ಡೈರಿಯಲ್ಲಿ ಉಳಿಯುತ್ತಿತ್ತು, ಕೆನೆ ತೆಗೆದ ಹಾಲು ಅದೇ ಕ್ಯಾನಿನಲ್ಲಿ ವಾಪಸ್ಸು ಬರುತ್ತಿತ್ತು, ಕರುಗಳಿಗೂ ಹಂದಿಗಳಿಗೂ ಕುಡಿಸುವುದಕ್ಕೆ. ಈಗ ಯೋಚಿಸಿ. ಬರುವಾಗ ಬಂದದ್ದು ನಿಮ್ಮ ಹಸುವಿನ ಹಾಲಲ್ಲ, ಊರಿನ ಎಲ್ಲ ಹಸುಗಳ ಬೆರಕೆ ಹಾಲು. ಒಂದು ಕೊಟ್ಟಿಗೆಯಲ್ಲಿ ಕ್ಷಯ ಹತ್ತಿದ ಒಂದು ಹಸು ಇದ್ದರೆ ಸಾಕು, ನಾಳೆ ಊರಿನ ಎಲ್ಲ ಕರುಗಳ ಬಾಯಿಗೆ ಅದು ತಲುಪಿತು. ದುಡ್ಡು ಹಂಚಿದ ವ್ಯವಸ್ಥೆಯೇ ರೋಗವನ್ನೂ ಅಷ್ಟೇ ಸಮವಾಗಿ ಹಂಚಿತು.

ಕಂಡುಹಿಡಿದು ಹೋರಾಡಿದವರು ಅವರದೇ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್. ನಮ್ಮ ಕಡೆ ದನಗಳಿಗೆ ಕಂದು ಹಾಕುವ ಬ್ರೂಸೆಲ್ಲಾ ರೋಗಾಣುವನ್ನು ಗುರುತಿಸಿದವರೂ ಅವರೇ. ಹಿಂದೆ ಕೊಡುವ ಹಾಲನ್ನು ಬಿಸಿ ಮಾಡಿಯೇ ಕೊಡಬೇಕೆಂದು 1898ರಲ್ಲಿ ಕಾನೂನು ಬಂತು. ಡೈರಿಯವನು ಬಿಸಿ ಮಾಡಿದನೋ ಇಲ್ಲ ಸುಳ್ಳು ಹೇಳಿದನೋ ಗೊತ್ತಾಗಬೇಕಲ್ಲ, ಅದಕ್ಕೆ ಸ್ಟೋರ್ಕ್ ಎಂಬ ವಿಜ್ಞಾನಿ ಒಂದು ಬಣ್ಣದ ಪರೀಕ್ಷೆ ಕೊಟ್ಟರು. ಸಾಕಷ್ಟು ಕಾಯಿಸಿದ ಹಾಲು ಬಣ್ಣ ತಿರುಗುವುದಿಲ್ಲ, ಕಾಯಿಸದ ಹಾಲು ನೀಲಿಯಾಗುತ್ತದೆ. ಕಾಲೇಜಿನಲ್ಲಿ ನಾವು ಈ ಪರೀಕ್ಷೆ ಮಾಡಿದ್ದೆವು. ಹೆಸರು ಬಾಯಿಪಾಠ ಮಾಡಿದ್ದು ಬಿಟ್ಟರೆ ಅದರ ಹಿಂದೆ ಯಾವ ಊರಿನ ಕರುಗಳ ಸಾವಿದೆ ಎಂದು ಯಾರೂ ಹೇಳಿರಲಿಲ್ಲ.

ನೀರು ಬೆರೆಸುವವರ ಕಥೆಯೂ ಉಂಟು. ಮೊದಮೊದಲು ತೂಕದ ಲೆಕ್ಕದಲ್ಲೇ ಹಣ. ಜಿಡ್ಡಿನ ಹಾಲು ಹಾಕಿದವನಿಗೂ ತೆಳು ಹಾಲು ಹಾಕಿದವನಿಗೂ ಒಂದೇ. 1880ರ ದಶಕದ ಕೊನೆಗೆ ಎನ್. ಜೆ. ಫ್ಯೋರ್ಡ್ ಎಂಬ ಮೇಷ್ಟ್ರು ಎಲ್ಲರ ಹಾಲಿನ ಮಾದರಿಯನ್ನು ಒಟ್ಟಿಗೆ ತಿರುಗಿಸಿ ಕೆನೆ ಅಳೆಯುವ ಸಾಧನ ಮಾಡಿದ ಮೇಲೆ ಫ್ಯಾಟ್ ನೋಡಿ ದುಡ್ಡು ಕೊಡುವುದು ಸುಲಭವಾಯಿತು. ಸೆಕ್ರೆಟರಿಗಳಿಗೆ ಅವರ ಫೋಟೋ ಇಟ್ಟು ಪೂಜೆ ಮಾಡಬೇಕೆನಿಸಬಹುದು.

ಲೆಕ್ಕದ ಪುಸ್ತಕ:
ಪೂಜೆ ಅಲ್ಲ, ಪ್ರತಿ ಆಯುಧಪೂಜೆಗೆ ನಮ್ಮ ಫ್ಯಾಟ್ ಮೆಷಿನ್ನಿಗೆ ಕುಂಕುಮ ಇಡ್ತಿದ್ವಿ. ಅದು ಬಂದ ದಿನದಿಂದ ನನ್ನ ಮೇಲಿನ ಅರ್ಧ ಬೈಗುಳ ನಿಂತಿತು.

ಧಾರವಾಡದಾಂವ:
ಹಂದಿ ಅಂದ್ರಲ್ಲ ಡಾಕ್ಟ್ರ, ಅದರ ಮುಂದಿನ ಕತಿ ಹೇಳ್ರಿ. ಅದೂ ಕಾರ್ಖಾನಿನ.

ಕೊಟ್ಟಿಗೆ ಡಾಕ್ಟ್ರು:
ಹೌದು. ಕೆನೆ ತೆಗೆದ ಹಾಲು ರಾಶಿರಾಶಿ ವಾಪಸ್ಸು ಬರತೊಡಗಿದ ಮೇಲೆ ಹಂದಿ ಸಾಕಣೆ ಬೆಳೆಯಿತು. ಜೀವಂತ ಹಂದಿಗಳನ್ನು ಜರ್ಮನಿಗೆ ಕಳಿಸುತ್ತಿದ್ದರು. 1887ರಲ್ಲಿ ಜರ್ಮನಿ ಹಂದಿಜ್ವರದ ಕಾರಣ ಕೊಟ್ಟು ಬಾಗಿಲು ಹಾಕಿತು. ಅದೇ ವರ್ಷ ಹಾರ್ಸೆನ್ಸ್ ಪಟ್ಟಣದಲ್ಲಿ ರೈತರು ಮೊದಲ ಸಹಕಾರಿ ಕಸಾಯಿಖಾನೆ ತೆರೆದರು. ಡೈರಿಯ ನಿಯಮದ್ದೇ ಅಚ್ಚು. ಹಂದಿಯನ್ನು ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಮಾಡಿ ಇಂಗ್ಲೆಂಡಿಗೆ ಕಳಿಸಿದರು. ಲಂಡನ್ನಿನವನ ಬೆಳಗಿನ ತಟ್ಟೆಯಲ್ಲಿ ಬ್ರೆಡ್ಡಿನ ಮೇಲಿನ ಬೆಣ್ಣೆಯೂ ಪಕ್ಕದ ಬೇಕನ್ನೂ ಒಂದೇ ಹಸುವಿನ ಹಾಲಿನ ಎರಡು ಪಾಲು.

ಸುಮ್ನೆ ಕೇಳ್ದೆ:
ಇವರು ಏನು ತಿಂತಿದ್ರು?

ನೀರುಮಜ್ಜಿಗೆ:
ಮಾರ್ಗರೀನ್, ಬೆಣ್ಣೆಯ ಅಗ್ಗದ ನಕಲು 🙂 ನಿಜವಾಗ್ಲೂ. ಒಟ್ಟೋ ಮೋನ್‌ಸ್ಟೆಡ್ ಅನ್ನೋನು 1883ರಲ್ಲಿ, ಅಂದ್ರೆ ಯೆಡ್ಡಿಂಗ್ ಆದ ಮರುವರ್ಷವೇ, ಆರ್‌ಹುಸ್‌ನಲ್ಲಿ ಮಾರ್ಗರೀನ್ ಕಾರ್ಖಾನೆ ತೆಗೆದ. ಒಳ್ಳೇ ಬೆಣ್ಣೆ ಹಡಗು ಹತ್ತಿತು, ಮನೇಲಿ ಬ್ರೆಡ್ಡಿಗೆ ಮಾರ್ಗರೀನ್ ಸವರಿದ್ರು. ಕಾಫಿ ತೋಟದಲ್ಲಿ ಹುಟ್ಟಿ ಚಿಕೋರಿ ಕುಡಿದು ಬೆಳೆದ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಗಾಳಿಗೋಪುರ:
ಕಲಬೆರಕೆ ಭಯ ಶುರುವಾಗಿದ್ದೂ ಆಮೇಲೇ. ಬೇರೆಯವರು ತಮ್ಮ ಬೆಣ್ಣೆಗೆ ಡ್ಯಾನಿಶ್ ಅಂತ ಹೆಸರಿಟ್ಟು ಮಾರಬಾರದು ಅಂತ 1901ರಲ್ಲಿ 'ಲೂರ್' ಗುರುತನ್ನ ನೋಂದಾಯಿಸಿದ್ರು. ಲೂರ್ ಅಂದ್ರೆ ಕಂಚಿನ ಯುಗದ ಕೊಂಬು, ನಮ್ಮ ಕೊಂಬು ಕಹಳೆ ಥರಾನೇ ಬಾಗಿದ ವಾದ್ಯ. 1906ರಿಂದ ರಫ್ತಾಗೋ ಬೆಣ್ಣೆ ಪೀಪಾಯಿಗೆಲ್ಲ ಆ ಮುದ್ರೆ ಕಡ್ಡಾಯ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಲೂರ್‌ಪಾಕ್ ಅಂತ ಬೆಣ್ಣೆ ನೋಡಿರ್ತೀರಿ. ಆ ಹೆಸರು, ಕೊಂಬಿನ ಚಿತ್ರ ಎರಡೂ ಅಲ್ಲಿಂದ ಬಂದವು.

ಈಗ ನನ್ನ ಮೊದಲ ಪ್ರಶ್ನೆಗೆ ವಾಪಸ್ಸು ಬರ್ತೀನಿ, ಕಟ್ಟಡಕ್ಕೆ. ಯೆಡ್ಡಿಂಗ್ ಆದ ಮೇಲೆ ಬೆಂಕಿ ಹತ್ತಿದ ಹಾಗೆ ಹಬ್ಬಿತು. 1900ರ ಹೊತ್ತಿಗೆ ಸಾವಿರ ಸಹಕಾರಿ ಡೈರಿ ದಾಟಿದ್ದವು. ಕುದುರೆಗಾಡಿ ಹೋಗಿ ಬರೋ ದೂರಕ್ಕೊಂದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಲಾರಿ, ಟ್ಯಾಂಕರ್ ಬಂದವು, ದೂರಕ್ಕೆ ಅರ್ಥ ಉಳಿಯಲಿಲ್ಲ. ಡೈರಿಗಳು ಒಂದರೊಳಗೊಂದು ಸೇರುತ್ತಾ ಹೋದವು. 1970ರಲ್ಲಿ ನಾಲ್ಕಾರು ಸೇರಿ ಒಂದು ದೊಡ್ಡ ಸಂಸ್ಥೆ ಆಯ್ತು, ಅದು ಬೆಳೆದು ಬೆಳೆದು 2000ದಲ್ಲಿ ಸ್ವೀಡನ್ನಿನ ಆರ್ಲಾ ಜೊತೆ ಕೂಡಿತು. ಈಗ ಆರ್ಲಾ ಫುಡ್ಸ್. ಕಾಗದದ ಮೇಲೆ ಅದು ಇವತ್ತಿಗೂ ರೈತರದೇ ಸಹಕಾರಿ, ಏಳು ದೇಶದ ರೈತರು ಮಾಲೀಕರು.

ಖಾಲಿಯಾದ ಆ ಸಾವಿರ ಕಟ್ಟಡಗಳು? ಹಳ್ಳಿ ದಾಟುವಾಗ ನೋಡ್ತಾ ಇರ್ತೀನಿ. ಕೆಲವರು ಮನೆ ಮಾಡ್ಕೊಂಡಿದ್ದಾರೆ, ಕೆಲವು ಗ್ಯಾರೇಜು, ಬಡಗಿ ಅಂಗಡಿ, ಮಣ್ಣಿನ ಪಾತ್ರೆ ಮಾಡೋರ ಕೋಣೆ. ಚಿಮಣಿ ಅರ್ಧಕ್ಕೆ ಕತ್ತರಿಸಿರುತ್ತೆ. ಕ್ಯಾನು ಇಳಿಸೋ ಕಟ್ಟೆ ಮೇಲೆ ಹೂವಿನ ಕುಂಡ. ಅದೂ ಇಲ್ಲದ ಕಡೆ ರಸ್ತೆ ಹೆಸರು ಮಾತ್ರ ಉಳಿದಿದೆ. 'ಮೈಯೆರಿವೈ', ಡೈರಿ ರಸ್ತೆ. ಈ ದೇಶದಲ್ಲಿ ಎಷ್ಟು ಊರಲ್ಲಿ ಆ ಹೆಸರಿನ ರಸ್ತೆ ಇದೆ ಅಂತ ಲೆಕ್ಕ ಇಡೋಕಾಗಲ್ಲ.

ಸುಮ್ನೆ ಕೇಳ್ದೆ:
ನಮ್ಮ ಡೈರಿ ಸರ್ಕಲ್ ಥರ. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಡೈರಿ ಇನ್ನೂ ಇದೆ, ಸರ್ಕಲ್ ಎಲ್ಲಿ ಅಂತ ಫ್ಲೈಓವರ್ ಕೆಳಗೆ ಹುಡುಕಬೇಕು.

ಧಾರವಾಡದಾಂವ:
ನಮಗೂ ಆ ದೇಶಕ್ಕೂ ಇನ್ನೊಂದು ನಂಟು ಐತಿ, ಹೇಳ್ಬಿಡ್ತೀನಿ. ಎಲ್ ಅಂಡ್ ಟಿ ಅಂದ್ರ ಎಲ್ಲಾರೂ ಸೇತುವೆ, ಮೆಟ್ರೋ ಅಂತಾರ. ಲಾರ್ಸೆನ್, ಟೂಬ್ರೊ ಇಬ್ಬರೂ ಡೆನ್ಮಾರ್ಕಿನ ಎಂಜಿನಿಯರ್‌ಗಳು. 1938ರಾಗ ಮುಂಬೈನಾಗ ಒಂದು ಸಣ್ಣ ಆಫೀಸ್ ತಗದು ಮೊದಲು ಮಾರಿದ್ದು ಡೆನ್ಮಾರ್ಕಿನ ಡೈರಿ ಯಂತ್ರ. 1940ರಾಗ ಜರ್ಮನ್ನರು ಡೆನ್ಮಾರ್ಕ್ ಹಿಡಕೊಂಡ ಮ್ಯಾಲ ಮಾಲು ಬರೂದು ನಿಂತು, ತಾವ ಮಾಡ್ಲಿಕ್ಕೆ ಹತ್ತಿದ್ರು. ಮುಂದ 1955ರಾಗ ಗುಜರಾತಿನ ಆನಂದ್‌ನಾಗ ಅಮುಲ್‌ನವರು ಎಮ್ಮಿ ಹಾಲಿನ ಪುಡಿ ಮಾಡಿ ತೋರಿಸಿದ್ರಲ್ಲ, ಆ ಯಂತ್ರ ಡೆನ್ಮಾರ್ಕಿನ ನೀರೋ ಕಂಪನಿದು. ಎಮ್ಮಿ ಹಾಲು ಪುಡಿ ಆಗಂಗಿಲ್ಲ ಅಂತ ಜಗತ್ತಿನ ಪಂಡಿತರು ಹೇಳ್ತಿದ್ದ ಕಾಲ ಅದು.

ಕೊಟ್ಟಿಗೆ ಡಾಕ್ಟ್ರು:
ಹೆಸರಘಟ್ಟವನ್ನೂ ಸೇರಿಸಿ. ಅಲ್ಲಿನ ವೀರ್ಯ ಘನೀಕರಣ ಕೇಂದ್ರ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆದದ್ದು. ದ್ರವ ಸಾರಜನಕದ ಪಾತ್ರೆಯಿಂದ ವೀರ್ಯದ ಕಡ್ಡಿ ಎತ್ತುವುದನ್ನು ನಾನು ಕಲಿತದ್ದು ಅಲ್ಲಿ ತರಬೇತಿಗೆ ಹೋದಾಗ. ಹಳಬರು ಆ ಜಾಗವನ್ನು ಡೆನ್ಮಾರ್ಕ್ ಫಾರಂ ಎಂದೇ ಕರೆಯುತ್ತಿದ್ದರು.

ಗಾಳಿಗೋಪುರ:
ಇದಕ್ಕೆ ಉಲ್ಟಾ ನಂಟು ನನ್ನ ಕಡೆಯಿಂದ ಒಂದು. ಗಾಳಿಯಂತ್ರದ ವೆಸ್ತಾ‌ಸ್ ಕಂಪನಿ ಇದೇ ಪಶ್ಚಿಮದ ಲೆಮ್ ಅನ್ನೋ ಹಳ್ಳಿಯ ಕಮ್ಮಾರಸಾಲೆಯಿಂದ ಬಂದದ್ದು. 1950ರ ಸುಮಾರಿಗೆ ಅವರು ಮಾಡಿ ಮಾರ್ತಿದ್ದು ಹಾಲಿನ ಕ್ಯಾನು ತಣ್ಣಗಿಡೋ ಯಂತ್ರ. ನಮ್ಮ ಕಸುಬಿನ ಬೇರೂ ಹಾಲಿನ ಕ್ಯಾನಿನೊಳಗೇ ಇದೆ ಅಂತ ಗೊತ್ತಾದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ. "ಅಂದ್ರೆ ನೀನೂ ಡೈರಿಗೇ ಸೇರಿದ್ದೀಯ ಅನ್ನು" ಅಂದಿದ್ಲು.

ಲೆಕ್ಕದ ಪುಸ್ತಕ:
ಕಟ್ಟಡದ ವಿಷಯಕ್ಕೆ ನನ್ನ ಒಂದು ಮಾತು. ದೊಡ್ಡ ಡೈರಿ ಎಷ್ಟೋ ಇದ್ದಿರಬೇಕು, ಚೆಂದದ ಚಿಮಣಿ ಇದ್ದವು ಎಷ್ಟೋ. ಅವನ್ನೆಲ್ಲ ಬಿಟ್ಟು ಈ ಪುಟ್ಟದನ್ನ ಇಟ್ಟುಕೊಂಡ್ರು ಅಂದ್ರೆ ಆ ಜನ ಇಟ್ಟುಕೊಂಡಿದ್ದು ಮೊದಲ ಸಹಿ ಬಿದ್ದ ಜಾಗವನ್ನ. ನಮ್ಮ ಸಂಘದ ಮೊದಲ ನಡಾವಳಿ ಪುಸ್ತಕ ನಾನು ಸೆಕ್ರೆಟರಿ ಆಗೋ ಮುಂಚೆಯೇ ಗೆದ್ದಲು ತಿಂದಿತ್ತು. ಹನ್ನೊಂದು ಜನ ಹೆಬ್ಬೆಟ್ಟು ಒತ್ತಿದ್ರಂತೆ. ಯಾರ್‍ಯಾರು ಅಂತ ಹೇಳೋರು ಈಗ ಇಬ್ಬರೇ ಇದ್ದಾರೆ, ಇಬ್ಬರೂ ಬೇರೆಬೇರೆ ಹೆಸರು ಹೇಳ್ತಾರೆ.

ನೀರುಮಜ್ಜಿಗೆ:
ಬರೆದಿಡಿ ಸರ್. ಎರಡೂ ಪಟ್ಟಿ ಬರೆದಿಡಿ.

ಗಾಳಿಗೋಪುರ:
ನಿನ್ನೆ ರಾತ್ರಿ ಈ ಚರ್ಚೆ ಅಷ್ಟನ್ನೂ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದೆ. ಪಾಸ್‌ಬುಕ್ ಅಪ್ಪನ ಹೆಸರಲ್ಲೇ ಇದೆಯಂತೆ, "ಅದಕ್ಕೇನೀಗ?" ಅಂದ್ಲು. ಭಾನುವಾರದ ಜಗಳಕ್ಕೆ ನಕ್ಕಳು. ಮಾರ್ಗರೀನ್ ಅಂದ್ರೆ ಡಾಲ್ಡಾನಾ ಅಂದ್ಲು, ಹೂಂ ಅಂದೆ. ಕೆನೆ ತೆಗೆದ ಹಾಲನ್ನ ಹಂದಿಗೆ ಹುಯ್ತಿದ್ರು ಅಂತ ಹೇಳುವಾಗ ಬೈತಾಳೇನೋ ಅಂದ್ಕೊಂಡಿದ್ದೆ, ಏನೂ ಅನ್ನಲಿಲ್ಲ.

"ಬೆಣ್ಣೆ ತೆಗೆದ ಮೇಲೆ ಮಜ್ಜಿಗೆ ಉಳೀತದಲ್ಲ, ಅದನ್ನೇನ್ ಮಾಡ್ತಿದ್ರು?" ಅಂದ್ಲು.

ಕುಡೀತಾರೆ ಅಮ್ಮ, ಇವತ್ತಿಗೂ ಅಂಗಡೀಲಿ ಸಿಗುತ್ತೆ, ಬೇಸಿಗೇಲಿ 'ಕೋಲ್‌ಸ್ಕೋಲ್' ಅಂತ ಮಾಡ್ತಾರೆ, ಮಜ್ಜಿಗೆಗೆ ಸಕ್ಕರೆ, ನಿಂಬೆ, ವೆನಿಲ್ಲಾ ಹಾಕಿ ಕದಡಿ ಮೇಲೆ ಬಿಸ್ಕತ್ತು ಪುಡಿ ಮಾಡ್ಕೊಂಡು ತಿಂತಾರೆ ಅಂದೆ.

ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ.

"ಮಜ್ಜಿಗೆಗೆ ಸಕ್ಕರೇನಾ?"